ಮಡಿಕೇರಿಗೆ, ಚೀಲದಲ್ಲೊಂದು ಯುದ್ಧದ ಪುಸ್ತಕ

ಮಡಿಕೇರಿ ಬಸ್ಸಿನಲ್ಲಿ ಪಕ್ಕದವರು ರಾಜಾಸೀಟು, ಅಬ್ಬಿ ಜಲಪಾತ ಅಂತ ಲೆಕ್ಕ ಹಾಕುತ್ತಿದ್ದರು. ನಾನು ಹೊರಟಿದ್ದು ‘ಸನ್ನಿಸೈಡ್’ ನೋಡಲಿಕ್ಕೆ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ, 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಯಿತು. ಸೈನ್ಯಕ್ಕೂ ನನಗೂ ಸಂಬಂಧವಿಲ್ಲ. ಯುದ್ಧ, ವಿಮಾನ ಅಂತ ಸಿಕ್ಕ ಪುಸ್ತಕ ಓದುವ ಚಟ, ಅಷ್ಟೇ.

ಅಂಗಳದಲ್ಲಿ ಟಿ-55 ಟ್ಯಾಂಕ್ ನಿಂತಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ನೆನಪಾದದ್ದು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿ ಲಾ. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ತಿಮ್ಮಯ್ಯ ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದ್ದರು. ಸುಳಿವು ಸಿಗಬಾರದೆಂದು ಟ್ಯಾಂಕುಗಳ ಗೋಪುರ ಕಳಚಿ ಸಾಗಿಸಿದ್ದರಂತೆ. ಸ್ಟುವರ್ಟ್ ಈ ಟಿ-55ರ ಅರ್ಧದಷ್ಟೂ ತೂಗುವುದಿಲ್ಲ. ಆದರೂ ಇಷ್ಟು ಕಬ್ಬಿಣದ ಪಕ್ಕ ನಿಂತಾಗಲೇ, ಹಿಮದಲ್ಲಿ ಅದನ್ನು ಹತ್ತಿಸುವುದು ಎಂಥ ಹಟ ಅನ್ನುವುದು ಮೈಗೆ ತಾಗಿದ್ದು. ಒಳಗಿನ ಸಮವಸ್ತ್ರ, ಪದಕಗಳನ್ನು ಬೇಗ ನೋಡಿ ಮುಗಿಸಿದೆ.

ನನಗೆ ನಿಜವಾಗಿ ಬೇಕಿದ್ದದ್ದು ಪೇಟೆಯಲ್ಲಿತ್ತು: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ. ಹತ್ತಿರದ ಹೋಟೆಲಿನಲ್ಲಿ ಕಾಫಿ ಹೇಳಿ ಪುಸ್ತಕ ತೆರೆದೆ. ಎದುರು ಕೂತಿದ್ದ ಹಿರಿಯರು ರಟ್ಟು ನೋಡಿ ಕೇಳಿದರು, “ಏರ್‌ಫೋರ್ಸಾ?”

“ಇಲ್ಲ ಸರ್, ಬರೀ ಓದೋನು.”

ಅವರು ನಿವೃತ್ತ ಸುಬೇದಾರರು. ದೇವಯ್ಯನವರ ವಿಷಯ ಬಂತು, ಓದಿದ್ದನ್ನು ನಾನು ಹೇಳಿದೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ಪಟ್ಟಿಯಲ್ಲಿ ದೇವಯ್ಯ ಕಾಯ್ದಿಟ್ಟ ಪೈಲಟ್. ಒಂದು ವಿಮಾನ ಹಿಂದುಳಿದಾಗ ಆ ಜಾಗಕ್ಕೆ ಸೇರಿಕೊಂಡರು. ಅವರದು ಮಿಸ್ಟೇರ್ ಅನ್ನುವ ಫ್ರೆಂಚ್ ಯುದ್ಧವಿಮಾನ. ಬೆನ್ನು ಹತ್ತಿದ್ದು ಪಾಕಿಸ್ತಾನದ, ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್. ಏಟು ತಿಂದ ಮಿಸ್ಟೇರೇ ತಿರುಗಿ ಸ್ಟಾರ್‌ಫೈಟರನ್ನು ಕೆಡವಿತು. ದೇವಯ್ಯ ಹಿಂದಿರುಗಲಿಲ್ಲ, ನಮ್ಮವರು ಯಾರೂ ಅದನ್ನು ಕಂಡಿರಲಿಲ್ಲ.

“ಮತ್ತೆ ಗೊತ್ತಾಗಿದ್ದು ಹೇಗೆ?” ಅಂದರು ಸುಬೇದಾರರು.

“ಪಾಕಿಸ್ತಾನದ ಕಡೆಯಿಂದ. ಜಾನ್ ಫ್ರಿಕರ್ ಅಂತ ಬ್ರಿಟಿಷ್ ಲೇಖಕ, ಅವರ ವಾಯುಪಡೆಯ ಯುದ್ಧದ ಬಗ್ಗೆ 1979ರಲ್ಲಿ ಪುಸ್ತಕ ತಂದ. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್ ಏಟಿಗೆ ಅಂತ ಅದರಲ್ಲಿತ್ತು. ವಾಪಸ್ ಬಂದವರಲ್ಲಿ ಯಾರೂ ಹಾಗೆ ಹೇಳಿಕೊಂಡಿರಲಿಲ್ಲ. ಆ ತಂಡದಲ್ಲಿ ಬಾರದವರು ಇವರೊಬ್ಬರೇ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ.”

ಯುದ್ಧದ ಪುಸ್ತಕಗಳಲ್ಲಿ ಜಂಭ ಜಾಸ್ತಿ, ಎರಡೂ ಕಡೆ. ಶತ್ರುಪಕ್ಷದ ಪುಸ್ತಕವನ್ನೂ ನಾನು ಬಿಡದೆ ಓದುವುದು ಇಂಥ ಒಂದು ಸಾಲಿಗಾಗಿಯೇ.

ಸುಬೇದಾರರು ಲೋಟ ಕೆಳಗಿಟ್ಟರು. “ಆ ಸ್ಟಾರ್‌ಫೈಟರಿನವನು ಏನಾದ?”

“ಅಮ್ಜದ್ ಹುಸೇನ್. ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. 1971ರಲ್ಲಿ ಅಮೃತಸರದ ಮೇಲೆ ಮತ್ತೆ ಹೊಡೆಸಿಕೊಂಡು ಬಿದ್ದು, ನಮ್ಮ ಕೈಗೇ ಸೆರೆ ಸಿಕ್ಕ.”

ಅವರು ನಕ್ಕುಬಿಟ್ಟರು. “ಅಲ್ರೀ, ಹಾಗಾದ್ರೆ ಆಗಲೇ ಅವನನ್ನೇ ಕೇಳಬಹುದಿತ್ತಲ್ಲ!”