ತಲೆಬಿಸಿಯೋ, ಸೆಕೆಯೋ?

ಏಪ್ರಿಲ್ ತಿಂಗಳ ಮಂಗಳೂರಲ್ಲಿ ಬೆವರು ನೋಡಿ ಮನಸ್ಸು ಅಳೆಯಲು ಹೊರಟವರು ನಾವು. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ಕೆಲಸ ಇಷ್ಟು. ಕೈಗೆ ವಾಚಿನಂಥ ಒಂದು ಪಟ್ಟಿ, ಅದರೊಳಗೆ ಸೆನ್ಸರ್‌ಗಳು. ಒಂದು ಸೆನ್ಸರ್ ಹಸಿರು ಬೆಳಕು ಚೆಲ್ಲಿ ನಾಡಿ ಹಿಡಿಯುತ್ತದೆ. ಇನ್ನೊಂದು ಚರ್ಮದಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡುತ್ತದೆ. ಗಾಬರಿಯಾದರೆ ಬೆವರಿನ ಗ್ರಂಥಿಗಳು ಚುರುಕಾಗುತ್ತವೆ, ಚರ್ಮ ಸ್ವಲ್ಪ ಒದ್ದೆಯಾಗುತ್ತದೆ, ಕೆಲವೇ ಸೆಕೆಂಡಲ್ಲಿ ಗ್ರಾಫ್ ಏಳುತ್ತದೆ. ಅದನ್ನು ನೋಡಿ ಮಾಡೆಲ್, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, 'ಒತ್ತಡ' ಅಥವಾ 'ಶಾಂತ' ಅನ್ನಬೇಕು.

ಮಾಡೆಲ್‌ಗೆ ಪಾಠ ಕಲಿಸಿದ್ದು ವೆಸಾಡ್ ಅನ್ನುವ ಡೇಟಾದಿಂದ. 2018ರಲ್ಲಿ ಬಂದದ್ದು. ಜರ್ಮನಿಯ ಲ್ಯಾಬಲ್ಲಿ 15 ಜನರಿಂದ ಭಾಷಣ ಮಾಡಿಸಿ, ಬಾಯಿಲೆಕ್ಕ ಹಾಕಿಸಿ ದಾಖಲು ಮಾಡಿದ್ದು. ಒಳ್ಳೆಯ ಡೇಟಾವೇ. ಆದರೆ ಅದಕ್ಕೆ ನಮ್ಮೂರಿನ ಸೆಕೆ ಗೊತ್ತಿಲ್ಲ ಅಲ್ವಾ?

ಮೊದಲ ಪರೀಕ್ಷೆ ಬಾವುಟಗುಡ್ಡೆಯ ನಮ್ಮ ಆಫೀಸಲ್ಲೇ. ಒಬ್ಬಳು ಹುಡುಗಿಗೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ 'ತೀವ್ರ ಒತ್ತಡ'. ನಮ್ಮ ಮ್ಯಾನೇಜರ್ ಕರೆದು ಮೆಲ್ಲಗೆ ಕೇಳಿದರು, "ಏನಮ್ಮಾ, ಮನೆಯಲ್ಲಿ ಏನಾದ್ರೂ ತೊಂದರೆಯಾ?"

"ಎಂತ ಇಲ್ಲ ಸರ್. ಹಂಪನಕಟ್ಟೆಯಲ್ಲಿ ಬಸ್ಸಿಳಿದು ಗುಡ್ಡೆ ಹತ್ತಿ ಬಂದದ್ದು."

ಇಡೀ ಆಫೀಸಿಗೇ ಅತಿ ಶಾಂತರು ಅಂತ ಬಂದದ್ದು ಅಕೌಂಟ್ಸ್‌ನವರು. ಅದೂ ಜಿಎಸ್‌ಟಿ ರಿಟರ್ನ್ಸ್ ಹಾಕುವ ವಾರ! ಹೋಗಿ ನೋಡಿದರೆ ಪಟ್ಟಿ ಬಳೆಯ ಹಾಗೆ ಸಡಿಲವಾಗಿ ನೇತಾಡುತ್ತಿತ್ತು. ಸೆನ್ಸರ್ ಚರ್ಮಕ್ಕೇ ತಾಗಿರಲಿಲ್ಲ. ಗೆರೆ ಏಳದಿದ್ದರೆ ಮಾಡೆಲ್‌ಗೆ ಅದೇ ಶಾಂತಿ.

ಸರಿ ಮಾಡುವುದು ಕಷ್ಟವೇನಲ್ಲ. ಓಡಾಟ ಗುರುತಿಸುವ ಸೆನ್ಸರ್ ಜೊತೆಗೆ ತಾಳೆ ನೋಡಿದೆವು. ಬಂದವರು ಹತ್ತು ನಿಮಿಷ ಫ್ಯಾನ್ ಕೆಳಗೆ ಕೂತ ಮೇಲಿನ ಅಳತೆಯನ್ನೇ ಅವರವರ ತಳಮಟ್ಟ, ಅಂದರೆ ಹೋಲಿಸಿ ನೋಡುವ ಮೂಲ ಅಳತೆ ಅಂತ ಇಟ್ಟುಕೊಂಡೆವು. ಪಟ್ಟಿ ಸಡಿಲವಿದ್ದರೆ 'ಗೊತ್ತಿಲ್ಲ' ಅನ್ನಲು ಕಲಿಸಿದೆವು. ನನ್ನ ಪ್ರಕಾರ ಆ ಮಾಡೆಲ್ ಕಲಿತ ಅತಿ ಉಪಯೋಗದ ಮಾತು ಅದೇ.

ನಿಜವಾದ ಪೇಚಾಟ ಶುರುವಾದದ್ದು ಜನರನ್ನೇ ಕೇಳಲು ಹೋದಾಗ. ಗ್ರಾಫ್ ಎದ್ದಾಗ ಫೋನಲ್ಲಿ 'ಈಗ ಹೇಗನಿಸುತ್ತಿದೆ?' ಅಂತ ಪ್ರಶ್ನೆ. ಅರ್ಧಕ್ಕರ್ಧ ಉತ್ತರ 'ಬೇಜಾರು'. ಅದನ್ನು ಯಾವ ಖಾನೆಗೆ ಹಾಕುವುದು? ಕೆಲಸವಿಲ್ಲದೆ ಸುಮ್ನೆ ಕೂತರೂ ಬೇಜಾರು, ಬೈಸಿಕೊಂಡರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು. ಒಂದರಲ್ಲಿ ಆಕಳಿಕೆ, ಇನ್ನೊಂದರಲ್ಲಿ ಎದೆ ಹೊಡೆತ. 'ಒತ್ತಡ' ಅಂತ ಒಬ್ಬರೂ ಬರೆಯಲಿಲ್ಲ. ಬರೆದದ್ದು 'ತಲೆಬಿಸಿ'. ನಮ್ಮಲ್ಲಿದ್ದ ಭಾವನೆಗಳ ಇಂಗ್ಲಿಷ್ ಹೆಸರುಗಳ ಪಟ್ಟಿ ಎತ್ತಿಟ್ಟು, ಎರಡು ವಾರ ಊಟದ ಹೊತ್ತಲ್ಲಿ ಎಲ್ಲರನ್ನೂ 'ಯಾಕೆ ಬೇಜಾರು?' ಅಂತ ಕೇಳುತ್ತಾ ಹೊಸ ಪಟ್ಟಿ ಮಾಡಿದೆವು.

ಗ್ರಾಹಕ ಕಂಪನಿಗೆ ಹೆಸರು ಸಮೇತ ವರದಿ ಬೇಕಿತ್ತು, ಯಾರಿಗೆ ಎಷ್ಟು ಒತ್ತಡ ಅಂತ. ಗುಡ್ಡೆ ಹತ್ತಿದ ಹುಡುಗಿ ನನಗೆ ನೆನಪಾದಳು. ಯುರೋಪಿಯನ್ ಒಕ್ಕೂಟದಲ್ಲಂತೂ ಕೆಲಸದ ಜಾಗದಲ್ಲಿ ಯಂತ್ರದಿಂದ ಭಾವನೆ ಊಹಿಸುವುದಕ್ಕೆ 2025ರ ಫೆಬ್ರವರಿಯಿಂದ ನಿಷೇಧವಿದೆ, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣ ಬಿಟ್ಟು. ಹೆಸರು ಕೊಡುವುದಿಲ್ಲ ಅಂದೆವು. ಅವರು ಆರ್ಡರ್ ಅರ್ಧಕ್ಕೆ ಇಳಿಸಿದರು.

ಈಗ ಕೈಯ ಪಟ್ಟಿ ತೀರ್ಪು ಕೊಡುವುದಿಲ್ಲ. ಕಟ್ಟಿಕೊಂಡವರ ಫೋನಿಗೆ ಮಾತ್ರ 'ಏನಾಯ್ತು?' ಅಂತ ಕಳಿಸುತ್ತದೆ. ಕೆಳಗೆ ಆರು ಬಟನ್. ಮೊದಲನೆಯದು: ಸೆಕೆ.