ರೆಜಿಮೆಂಟ್ ಅಂದರೆ ಎಷ್ಟು ಜನ?

ಸೆಪ್ಟೆಂಬರ್ 23, 2024, ಸೋಮವಾರ

ಇವತ್ತು ಹೈಫಾ ದಿನ. 1918ರಲ್ಲಿ ಇದೇ ದಿನ ಮೈಸೂರು ಲ್ಯಾನ್ಸರ್ಸ್, ಜೋಧಪುರ ಲ್ಯಾನ್ಸರ್ಸ್ ಅನ್ನುವ ಈಟಿ ಸವಾರರ ಪಡೆಗಳು ಕುದುರೆ ಏರಿ ಹೋಗಿ ತುರ್ಕರ ಕೈಯಿಂದ ಈಗಿನ ಇಸ್ರೇಲಿನ ಹೈಫಾ ಊರನ್ನು ಬಿಡಿಸಿದ್ದು. ಬೆಳಿಗ್ಗೆಯಿಂದ ವಾಟ್ಸಾಪ್ ತುಂಬಾ ದೆಹಲಿಯಲ್ಲಿರುವ ಆ ಸವಾರರ ಸ್ಮಾರಕ ತೀನ್ ಮೂರ್ತಿಯ ಫೋಟೊ. ಅದರ ಕೆಳಗೆ ನೆಂಟರ ಹುಡುಗನೊಬ್ಬನ ಪ್ರಶ್ನೆ: "ರೆಜಿಮೆಂಟ್ ಅಂದ್ರೆ ಎಷ್ಟು ಜನ?"

ಒಂದೇ ಉತ್ತರ ಇಲ್ಲ, ಅದೇ ತೊಂದರೆ.

ಕಾಲಾಳು ಪಡೆಯಲ್ಲಿ ರೆಜಿಮೆಂಟ್ ಅನ್ನೋದು ಒಂದು ಮನೆತನ ಇದ್ದ ಹಾಗೆ. ಮದ್ರಾಸ್ ರೆಜಿಮೆಂಟನ್ನೇ ತಗೊಳ್ಳಿ. ಸೆಂಟರ್ ಇರುವುದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ. ಹುಡುಗರು ಅಲ್ಲಿ ತರಬೇತಿ ಮುಗಿಸಿ ಬೇರೆ ಬೇರೆ ಬೆಟಾಲಿಯನ್ನಿಗೆ ಹೋಗುತ್ತಾರೆ. ಒಂದು ಕಾಶ್ಮೀರದಲ್ಲಿದ್ದರೆ ಇನ್ನೊಂದು ಅಸ್ಸಾಮಿನಲ್ಲಿರಬಹುದು. ಯುದ್ಧಕ್ಕೆ ಇಳಿಯೋದು ಬೆಟಾಲಿಯನ್, ಸುಮಾರು 800 ಜನ. ಪೇಪರಿನಲ್ಲಿ "ಮದ್ರಾಸ್ ರೆಜಿಮೆಂಟ್ ಗಡಿಗೆ ಹೊರಟಿತು" ಅಂತ ಓದಿದರೆ, ಯಾವ ಬೆಟಾಲಿಯನ್ ಅಂತ ಕೇಳಬೇಕು. ಬ್ಯಾಡ್ಜು, ಘೋಷಣೆ ಮಾತ್ರ ಎಲ್ಲರಿಗೂ ಒಂದೇ. "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!" ಇದರಲ್ಲಿ ಅರ್ಧವನ್ನಂತೂ ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟ್ಯಾಂಕಿನವರ ಕಡೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ರೆಜಿಮೆಂಟೇ ಯೂನಿಟ್, ಅದಕ್ಕೊಬ್ಬ ಕರ್ನಲ್. ಒಳಗೆ ಸ್ಕ್ವಾಡ್ರನ್ ಅನ್ನುವ ತುಕಡಿಗಳು. ಬೆಟಾಲಿಯನ್ ಅನ್ನೋ ಮಾತೇ ಇಲ್ಲ. ಫಿರಂಗಿಯವರದು ಇನ್ನೂ ಮಜಾ. ಇಡೀ ವಿಭಾಗದ ಹೆಸರೂ ರೆಜಿಮೆಂಟ್ ಆಫ್ ಆರ್ಟಿಲರಿ, ಅದರೊಳಗಿನ ಒಂದೊಂದು ಯೂನಿಟ್ಟೂ ರೆಜಿಮೆಂಟ್!

ಮೈಸೂರು ಸಂಸ್ಥಾನದ ಪಡೆಗಳು ಸ್ವಾತಂತ್ರ್ಯದ ಮೇಲೆ ಭಾರತೀಯ ಸೇನೆಯ ಈ ಎರಡೂ ಬಗೆಯ ರೆಜಿಮೆಂಟುಗಳಿಗೆ ಹಂಚಿಹೋದವು. ಲ್ಯಾನ್ಸರ್ಸ್ 1953ರಲ್ಲಿ 61 ಕ್ಯಾವಲ್ರಿಯೊಳಗೆ ಸೇರಿತು. ಕಾಲಾಳುಗಳದು 18 ಮದ್ರಾಸ್ ಆಯಿತು. ಎರಡು ಹೆಸರೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಆದರೆ 18 ಮದ್ರಾಸ್ ಅಂದರೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್. 61 ಕ್ಯಾವಲ್ರಿ ಯಾವುದರ 61ನೇ ಭಾಗವೂ ಅಲ್ಲ, ಅದೇ ಇಡಿಯಾಗಿ ಒಂದು ರೆಜಿಮೆಂಟ್. ಜೈಪುರದಲ್ಲಿ ಈಗಲೂ ಕುದುರೆ ಇಟ್ಟುಕೊಂಡಿದೆ.

ಫೌಜಿಗಳು ಈ ಗೋಜಲಿಗೇ ಹೋಗಲ್ಲ. "ಯಾವ ಯೂನಿಟ್?" ಅಂದರೆ "18 ಮದ್ರಾಸ್", ಅಷ್ಟೇ. ತಮ್ಮ ಬೆಟಾಲಿಯನ್ನಿಗೆ ಪ್ರೀತಿಯಿಂದ ಪಲ್ಟನ್ ಅಂತಾರೆ.

ಇನ್ನು 'ಕರ್ನಲ್ ಆಫ್ ದಿ ರೆಜಿಮೆಂಟ್' ಆಗುವವರು ಸಾಮಾನ್ಯವಾಗಿ ಕರ್ನಲ್ ಅಲ್ಲ, ಜನರಲ್ ದರ್ಜೆಯವರು. ಮನೆಗೊಬ್ಬ ಹಿರಿಯ ಬೇಕಲ್ಲ, ಹಾಗೆ ಕೊಡುವ ಗೌರವ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಹಿಮಾಲಯದ ತಪ್ಪಲಿನ ಕುಮಾಂವ್ ರೆಜಿಮೆಂಟಿಗೆ ಹೀಗೆ ಕರ್ನಲ್ ಆಗಿದ್ದರು.