ಹುಲ್ಲು ಯಾವಾಗ ಕತ್ತರಿಸುತ್ತೀರಿ?

ಕೆರೆ ದಂಡೆಯ ಉದ್ಯಾನಕ್ಕೆ ಹಕ್ಕಿ, ಹುಳು, ಹೂವುಗಳ ಚಿತ್ರ ತೆಗೆದು ಮಾಹಿತಿ ಫಲಕ ಮಾಡಿಕೊಡುವ ಕೆಲಸ ಬಂದರೆ, ದರದ ಮಾತಿಗೂ ಮೊದಲು ನಾನು ಕೇಳುವ ಪ್ರಶ್ನೆ ಇದು: ಅಲ್ಲಿ ಹುಲ್ಲು ಯಾವಾಗ ಕತ್ತರಿಸುತ್ತೀರಿ? ಎದುರಿಗಿದ್ದವರು ಮುಖ ಮುಖ ನೋಡುತ್ತಾರೆ. 'ಅದು ನಿರ್ವಹಣೆಯವರ ಕೆಲಸ ಮೇಡಂ, ನಿಮಗೇಕೆ?' ಎನ್ನುತ್ತಾರೆ. ಏಕೆಂದು ಬರೆದಿಡುತ್ತೇನೆ. ಆ ಬೆಳಗನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದು ಕೆರೆ. ಹೆಸರು ಬೇಡ, ಇಲ್ಲಿಯ ಯಾವ ಕೆರೆಯ ದಂಡೆಯಲ್ಲೂ ನಡೆಯಬಹುದಾದದ್ದೇ. ವರ್ಕ್ ಆರ್ಡರ್ ಮುಖ್ಯ ಗುತ್ತಿಗೆದಾರರದು, ನಾವು ಅವರ ಕೈಕೆಳಗೆ. ಬಿಒಕ್ಯೂದಲ್ಲಿ, ಅಂದರೆ ಕಾಮಗಾರಿಯ ಬಾಬತ್ತುಗಳ ಪಟ್ಟಿಯಲ್ಲಿ, ನಮ್ಮದು ಒಂದೇ ಸಾಲು, ಅದರ ಮೇಲೂ ಕೆಳಗೂ ಪೇವರ್, ಗ್ರಿಲ್, ಎಲ್‌ಇಡಿ ಕಂಬ. ಚಿತ್ರ ತೆಗೆಯಲೆಂದು ದಿನಗಳನ್ನೇ ಹಿಡಿದಿರಲಿಲ್ಲ. ವಿನ್ಯಾಸದ ಹುಡುಗ ಅಂತರ್ಜಾಲದಿಂದ ಚಿತ್ರ ಇಳಿಸಿ ಲೇಔಟ್ ತುಂಬಿಸಿಬಿಟ್ಟಿದ್ದ. ನೀರಿನ ಮೇಲೆ ಬಿಳಿ ಹಂಸ. ಪಾತರಗಿತ್ತಿಯ ಜಾಗದಲ್ಲಿ ಅಮೆರಿಕದ ಮೊನಾರ್ಕ್. ನಮ್ಮ ಎಕ್ಕೆ ಗಿಡದ ಸುತ್ತ ಹಾರುವ ಪ್ಲೇನ್ ಟೈಗರ್ ಪಾತರಗಿತ್ತಿ ಅದೇ ಕುಲದ್ದು, ಬಣ್ಣವೂ ಅಂಥದೇ ಕಿತ್ತಳೆ. ಆದರೆ ಮೊನಾರ್ಕ್‌ನ ರೆಕ್ಕೆಯ ತುಂಬ ನರಗಳು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ನಮ್ಮದರಲ್ಲಿ ನಡುರೆಕ್ಕೆ ಬಯಲಾಗಿರುತ್ತದೆ.

ಆ ಚಿತ್ರಗಳನ್ನು ಕಿತ್ತುಹಾಕಿಸುವಷ್ಟರಲ್ಲಿ ಮೇಲಿನವರಿಂದ ಇನ್ನೊಂದು ಬೇಡಿಕೆ ಬಂತು: ಪಟ್ಟೆತಲೆ ಹೆಬ್ಬಾತು ಹಾಕಿ, ಚೆನ್ನಾಗಿ ಕಾಣುತ್ತದೆ. ಹಿಮಾಲಯ ದಾಟಿ ಬರುವ ಆ ಹಕ್ಕಿಗಳು ನಮ್ಮ ಕಡೆ ಹಿಂಡುಗಟ್ಟಿ ಚಳಿಗಾಲ ಕಳೆಯುವುದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಕೆರೆ ಅದು. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ನೀರಿನಲ್ಲಿ ಕೂಡುತ್ತವೆ. ಆ ಹೊಲವೂ ಆ ನೀರೂ ಎರಡೂ ಬೇಕು ಅವಕ್ಕೆ. ಅವುಗಳನ್ನು ತಂದು ನಮ್ಮ ಫಲಕಕ್ಕೆ ಅಂಟಿಸಿದರೆ, ನಾಳೆ ಒಂದು ಮಗು ಕೆರೆಯೆಲ್ಲ ಹುಡುಕಿ, ಫಲಕದ ಮೇಲೆ ಬರೆದದ್ದೆಲ್ಲ ಸುಳ್ಳು ಎಂದುಕೊಂಡು ಮನೆಗೆ ಹೋಗುತ್ತದೆ. ಇಲ್ಲಿರುವುದನ್ನು ಇಲ್ಲಿಯೇ ತೆಗೆಯುತ್ತೇನೆ ಎಂದು ಪಟ್ಟು ಹಿಡಿದೆ. ಒಪ್ಪಿದರು, ಶ್ರಾವಣದ ಮೊದಲ ಸೋಮವಾರ ಉದ್ಘಾಟನೆ, ಅಷ್ಟರೊಳಗೆ ಮುಗಿಯಬೇಕು ಎಂಬ ಷರತ್ತಿನ ಮೇಲೆ. ಅಂದರೆ ನನಗೆ ಉಳಿದದ್ದು ಆಷಾಢ.

ಧಾರವಾಡದ ಕಡೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಚಿಕ್ಕದ್ದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಿಡಿದವರ ಪಾಡು ಬೇರೆ ಹೇಳಬೇಕಿಲ್ಲ. ತುಂಬೆ ಹೂವು ಬೆರಳಿನ ಉಗುರಿಗಿಂತ ಚಿಕ್ಕದು, ಅದು ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಸೂರ್ಯ ಏರುವ ಮೊದಲೇ ದಂಡೆಯಲ್ಲಿರುತ್ತಿದ್ದೆ. ಆ ಹೊತ್ತಿಗೆ ಗಾಳಿ ಕಡಿಮೆ. ಏರೋಪ್ಲೇನ್ ಚಿಟ್ಟೆಗಳ ಮೈ ಇನ್ನೂ ತಣ್ಣಗಿರುತ್ತದೆ; ರೆಕ್ಕೆಯ ಮೇಲಿನ ಹನಿ ಆರುವವರೆಗೆ ಹುಲ್ಲಿನ ಕಡ್ಡಿ ಬಿಟ್ಟು ಏಳುವುದಿಲ್ಲ. ಬೆಳ್ಳಕ್ಕಿಗೆ ಕ್ಯಾಮೆರಾದಲ್ಲಿ ಬೆಳಕು ಇಳಿಸಬೇಕು, ಇಲ್ಲದಿದ್ದರೆ ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಮಾಯವಾಗುತ್ತವೆ. ನಾಮಕೋಳಿಯ ಲೆಕ್ಕ ಬೇರೆ: ಮೈ ಕಪ್ಪು, ಹಣೆ ಬಿಳಿ, ಎರಡನ್ನೂ ಉಳಿಸಿಕೊಳ್ಳಬೇಕೆಂದರೆ ಮೋಡದ ಬೆಳಕೇ ಗತಿ. ಕೆಸರಿನಲ್ಲಿ ಬೋರಲು ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದಾಗಲೇ ಹಕ್ಕಿ ಹಕ್ಕಿಯಾಗಿ ಕಾಣುತ್ತದೆ.

ನನಗೆ ಬೇಕಾದದ್ದರಲ್ಲಿ ಹೆಚ್ಚಿನದೆಲ್ಲ ಸಿಕ್ಕಿದ್ದು ಒಂದೇ ಕಡೆ, ನಡಿಗೆ ದಾರಿಗೂ ನೀರಿಗೂ ನಡುವಿನ ಇಳಿಜಾರಿನಲ್ಲಿ. ಅಲ್ಲಿ ಯಾರೂ ಏನನ್ನೂ ನೆಟ್ಟಿರಲಿಲ್ಲ. ತುಂಬೆ ಇತ್ತು, ಅದಕ್ಕೆ ಜೇನುಹುಳು ಬರುತ್ತಿದ್ದವು. ಬೆಳಗಿನ ಹೊತ್ತು ನೆಲಕ್ಕೆ ಅಂಟಿಕೊಂಡು ಅರಳುವ ನೀಲಿ ವಿಷ್ಣುಕ್ರಾಂತಿ ಇತ್ತು. ಬೀಜಕ್ಕೆ ಬಂದ ಹುಲ್ಲಿನ ತೆನೆಗೆ ರಾಟವಾಳ ಹಕ್ಕಿಗಳು ಜೋತುಬೀಳುತ್ತಿದ್ದವು. ಜಲ್ಲಿಯ ನಡುವೆ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿತ್ತು. ಮೊಟ್ಟೆ ಯಾವುದು ಕಲ್ಲು ಯಾವುದು ಎಂದು ಎರಡು ಹೆಜ್ಜೆ ದೂರದಿಂದಲೂ ತಿಳಿಯದು. ಮೊಟ್ಟೆಗಳ ಹತ್ತಿರದ ಚಿತ್ರ ಬೇಕೆಂದು ಸೈಟ್ ಸೂಪರ್‌ವೈಸರ್ ಒತ್ತಾಯ ಮಾಡಿದ್ದರು, ನಾನು ಒಪ್ಪಲಿಲ್ಲ. ತಾಯಿಹಕ್ಕಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಗೆ ಕಾದೇ ಇರುತ್ತದೆ. ದೂರದಿಂದ, ಅದು ಕಾವಿಗೆ ಕುಳಿತಂತೆಯೇ ತೆಗೆದೆ.

ಅದೇ ಇಳಿಜಾರಿನಲ್ಲಿ ಒಂದು ಎಕ್ಕೆ ಪೊದೆ. ಪ್ಲೇನ್ ಟೈಗರ್ ಮೊಟ್ಟೆಯಿಡುವುದು ಎಕ್ಕೆ ಮತ್ತು ಅದರ ಜಾತಿಯ ಹಾಲುಗಿಡಗಳ ಮೇಲೆಯೇ. ಗುಲಾಬಿ ತೋಟ ಮಾಡಿಕೊಟ್ಟರೂ ಅಲ್ಲಿ ಇಡುವುದಿಲ್ಲ. ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳುಗಳಿದ್ದವು. ಒಂದು ಎಲೆಯಡಿ ಹಸಿರು ಕೋಶ ನೇತಾಡುತ್ತಿತ್ತು, ಅದರ ಮೈಮೇಲೆ ಚಿನ್ನದ ಬಣ್ಣದ ಚುಕ್ಕಿಗಳು.

ಆ ದಿನ ಬೆಳಿಗ್ಗೆ ನೋಡಿದರೆ ಕೋಶ ಕಪ್ಪಾಗಿ, ಒಳಗಿನ ಕಿತ್ತಳೆ ರೆಕ್ಕೆ ಗಾಜಿನೊಳಗಿಟ್ಟಂತೆ ಕಾಣುತ್ತಿತ್ತು. ಹೊರಬರುವ ಹೊತ್ತಾಗಿತ್ತು. ಟ್ರೈಪಾಡ್ ಊರಿ ಫೋಕಸ್ ಕೂಡಿಸುತ್ತಿದ್ದೆ. ದಂಡೆಯ ಆ ತುದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಎದ್ದಿತು.

'ಹನ್ನೊಂದಕ್ಕೆ ಸಾಹೇಬರ ಇನ್‌ಸ್ಪೆಕ್ಷನ್ ಇದೆ ಮೇಡಂ. ಒಂದು ಕಡ್ಡಿ ಕಸ ಕಾಣಬಾರದು ಅಂದಿದ್ದಾರೆ.' ಸೂಪರ್‌ವೈಸರ್ ಕೆಟ್ಟವರಲ್ಲ. ಹಾವು ಬರುತ್ತವೆ, ಸೊಳ್ಳೆ ಕಚ್ಚುತ್ತವೆ ಎಂದು ವಾಕಿಂಗ್‌ನವರು ಮೊದಲು ಬೈಯುವುದು ಅವರನ್ನೇ. ಹಾಗೆಂದು ನಾನು ಬಿಡುವಂತಿರಲಿಲ್ಲ. ಟಿಟ್ಟಿಭದ ಗೂಡು ತೋರಿಸಿದೆ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ ಎಂದೆ. ಅವರು ಜೆಇಗೆ, ಅಂದರೆ ಕಿರಿಯ ಎಂಜಿನಿಯರಿಗೆ, ಫೋನ್ ಹಚ್ಚಿದರು. ಮಾತು ಮುಗಿಸಿ, ಗೂಡಿನ ಸುತ್ತ ಇಟ್ಟಿಗೆ ಇಡಿಸಿದರು. ಆಮೇಲೆ ಎಕ್ಕೆಯ ಕಡೆ ಕೈಮಾಡಿ, 'ಇದಕ್ಕೆ ಕಾಯ್ದೆ ಇದೆಯೇ?' ಎಂದರು.

ಇರಲಿಲ್ಲ. ಹಕ್ಕಿಯ ಮೊಟ್ಟೆಗೆ ಕಾಯ್ದೆಯ ಕಾವಲು ಇದೆ. ಹುಳ ತಿನ್ನುವ ಗಿಡಕ್ಕೆ ಹೇಳುವವರು ಕೇಳುವವರು ಇಲ್ಲ.

ಯಂತ್ರ ಹಿಡಿದಿದ್ದವರು ಹಿರಿಯ ಮಾಲಿ. ಹತ್ತಿರ ಬಂದು ಸದ್ದು ನಿಲ್ಲಿಸಿ, 'ತಂಗಿ, ಸರಿದು ನಿಲ್ಲು, ಕಲ್ಲು ಸಿಡಿಯುತ್ತದೆ' ಎಂದರು. 'ಕಾಕಾ, ಒಂದೆರಡು ತಾಸು ಕೊಡಿ' ಎಂದೆ. ಅವರು ಎಲೆಯಡಿ ಬಗ್ಗಿ ನೋಡಿದರು. ಮಾತಾಡಲಿಲ್ಲ. ಪೊದೆ ಬಿಟ್ಟು ಮೇಲಿನ ಸಾಲಿಗೆ ಹೋದರು. ತುಂಬೆ, ವಿಷ್ಣುಕ್ರಾಂತಿ, ಹುಲ್ಲಿನ ತೆನೆ ಎಲ್ಲವೂ ಯಂತ್ರದ ದಾರದಡಿ ಪುಡಿಯಾಗಿ ಹಾರುತ್ತಿದ್ದವು, ಹಸಿ ಸೊಪ್ಪಿನ ವಾಸನೆ ಮೂಗಿಗೆ ಅಡರುತ್ತಿತ್ತು. ನನ್ನ ಕಣ್ಣು ವ್ಯೂಫೈಂಡರಿನಲ್ಲಿ, ಕಿವಿ ಸದ್ದಿನ ಕಡೆ. ಕೋಶ ಕೆಳಗಡೆ ಬಿರಿಯಿತು. ಕಾಲು ಬಂದವು, ತಲೆ ಬಂತು, ಊದಿದ ಹೊಟ್ಟೆ ಬಂತು. ಮುದುಡಿದ ರೆಕ್ಕೆ ಜೋಲುತ್ತಿತ್ತು; ಹೊಟ್ಟೆಯ ದ್ರವ ನರಗಳಿಗೆ ಇಳಿಯುತ್ತ ಹೋದಂತೆ ಅಂಚಿನ ಕಪ್ಪೂ ಅದರೊಳಗಿನ ಬಿಳಿ ಚುಕ್ಕಿಗಳೂ ಒಂದೊಂದಾಗಿ ಬಿಡಿಸಿಕೊಂಡವು. ಗಾಳಿಗೆ ಎಲೆ ತೂಗಿದಾಗಲೆಲ್ಲ ಉಸಿರು ಬಿಗಿಹಿಡಿದು ಕಾದು ತೆಗೆದೆ.

ಹಿಂದೆ ನಿಂತಿದ್ದ ಸೂಪರ್‌ವೈಸರ್ ಸಮಾಧಾನದಿಂದ ಹೇಳಿದರು, 'ಫೋಟೋ ಸಿಕ್ಕಿತಲ್ಲ ಮೇಡಂ. ಇನ್ನು ಕತ್ತರಿಸಲಿ.'

ಅದಕ್ಕೆ ಏನು ಉತ್ತರ ಕೊಡಬೇಕೆಂದು ಆಗ ಹೊಳೆಯಲಿಲ್ಲ, ಗಂಟಲು ಕಟ್ಟಿತ್ತು. ರೆಕ್ಕೆ ಒಣಗುವವರೆಗೆ ಅದು ಹಾರಲಾರದು ಎಂದಷ್ಟೇ ಹೇಳಿದೆ. ಮಾತಾಡಿದವರು ಕಾಕಾ: 'ಹುಳ ಹಾರಿದ ಮೇಲೆ ಕಡಿಯುತ್ತೇನೆ. ಸಾಹೇಬರು ಕೇಳಿದರೆ ನನ್ನ ಹೆಸರು ಹೇಳಿರಿ.' ಯಂತ್ರ ಕೆಳಗಿಟ್ಟು ದಾರಿಯ ಬದಿಯಲ್ಲಿ ಕುಳಿತರು. ಪಾತರಗಿತ್ತಿ ಹಾರಿತು. ಕಂಬಳಿಹುಳುಗಳನ್ನು ಎಲೆಸಮೇತ ಬಿಡಿಸಿ ಕಾಂಪೌಂಡಿನ ಹೊರಗಿದ್ದ ಇನ್ನೊಂದು ಎಕ್ಕೆಗೆ ಸಾಗಿಸಿದೆವು, ಸಿಕ್ಕಷ್ಟನ್ನು. ಪೊದೆ ಹೋಯಿತು. ಸೋಮವಾರದ ಹೊತ್ತಿಗೆ ಅಲ್ಲಿ ಹುಲ್ಲುಹಾಸು, ಡುರಾಂಟಾ ಬೇಲಿ. ಕೆಲಸದ ಅಳತೆ ಪುಸ್ತಕ (ಎಂಬಿ) ಬರೆದರು, ಬಿಲ್ ಪಾಸಾಯಿತು, ಫಲಕಗಳು ಚೆನ್ನಾಗಿವೆ ಎಂದರು.

ಅಂದು ಕುಳಿತಲ್ಲೇ ಕಾಕಾ ಹೇಳಿದ್ದನ್ನು ಯಾವ ಸಮಾಲೋಚಕರ ವರದಿಯಲ್ಲೂ ನಾನು ಓದಿಲ್ಲ. ದಾರಿಯ ಬದಿಗೆ ಎರಡು ಮಾರು ಸವರಿದರೆ ನಡೆಯುವವರಿಗೆ ಹಾವಿನ ಅಂಜಿಕೆ ಇರುವುದಿಲ್ಲ. ಉಳಿದದ್ದನ್ನು ಒಮ್ಮೆಲೇ ಬೋಳಿಸದೆ ತುಂಡು ತುಂಡಾಗಿ, ಬೀಜ ಉದುರಿದ ಮೇಲೆ ಕೊಯ್ಯಬೇಕು. ಯಂತ್ರದಿಂದ ಕತ್ತರಿಸಿದರೆ ಕಾಂಗ್ರೆಸ್ ಕಸ ಮತ್ತೆ ಚಿಗುರುತ್ತದೆ. ಅದನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಯಾವ ಗಿಡ ಯಾವುದು ಎಂದು ಬಲ್ಲ ಒಬ್ಬರು ಬೇಕು.

ಈಗ ಕೊಟೇಶನ್ನಿನಲ್ಲೇ ಬರೆಯುತ್ತೇನೆ: ಚಿತ್ರ ತೆಗೆಯುವ ಮೊದಲೂ ಫಲಕ ನಿಲ್ಲಿಸಿದ ಮೇಲೂ ನೀರಿನ ಕಡೆಯ ಇಳಿಜಾರನ್ನು ದೀಪಾವಳಿವರೆಗೆ ಮುಟ್ಟಬಾರದು; ಫಲಕದಲ್ಲಿರುವ ಗಿಡ ಫಲಕದ ಬಳಿ ಇರಬೇಕು. ಬಹಳ ಕಡೆ ಈ ಸಾಲನ್ನು ಹೊಡೆದುಹಾಕಿ ಸಹಿ ಮಾಡುತ್ತಾರೆ. ಹೊಸ ಕೆಲಸವೊಂದರಲ್ಲಿ ಜೆಇ ಒಬ್ಬರು ಹೊಡೆದುಹಾಕದೆ ಸಹಿ ಮಾಡಿದ್ದಾರೆ. ಬಿಡಬೇಕಾದ ತುಂಡುಗಳಿಗೆ ಗೂಟ ಹೊಡೆಯಲು ಕಾಕಾ ಅವರನ್ನು ಕರೆದೊಯ್ಯುತ್ತಿದ್ದೇನೆ. ಅವರ ಕೂಲಿಯನ್ನು ನಮ್ಮ ಬಾಬತ್ತಿನ ಕೆಳಗೆ ಬೇರೆಯೇ ಸಾಲಾಗಿ ಸೇರಿಸಿದ್ದೇನೆ.